ಬೆಳಗಿನ ಬಾಗಿಲಲ್ಲಿ ಕೊಳಲೂದಿದ ಸಿಡ್ ಬ್ಯಾರೆಟ್

2002ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ರಾಕ್ ಸಂಗೀತಗಾರ ರೋಜರ್ ವಾಟರ್ಸ್ ಬೆಂಗಳೂರಿಗೆ ಬಂದು ಅರಮನೆ ಮೈದಾನದಲ್ಲಿ ಹಾಡಿದ. ಪಿಂಕ್ ಫ್ಲಾಯ್ಡ್ ತಂಡದ ಗೀತೆಗಳನ್ನು ಅದುವರೆಗೆ ಕ್ಯಾಸೆಟ್ಟು, ಸಿ.ಡಿ.ಗಳಲ್ಲಷ್ಟೇ ಕೇಳಿದ್ದ ಇಲ್ಲಿನ ರಸಿಕರಿಗೆ ಅದೊಂದು ಹಬ್ಬ. ಆ ಪ್ರವಾಸದುದ್ದಕ್ಕೂ ವಾಟರ್ಸ್ ಹಾಡುತ್ತಿದ್ದ 'ಶೈನ್ ಆನ್ ಯೂ ಕ್ರೇಜಿ ಡೈಮಂಡ್' ಎಂಬ ದೀರ್ಘಗೀತೆ ಯಾರನ್ನು ನೆನೆದು ಹುಟ್ಟಿತೋ ಆ ವ್ಯಕ್ತಿ ಆಗಿನ್ನೂ ಬದುಕಿದ್ದ. ಕೇಂಬ್ರಿಡ್ಜ್ ಪಟ್ಟಣದ ಸಾಧಾರಣ ಮನೆಯೊಂದರಲ್ಲಿ ಒಬ್ಬಂಟಿಯಾಗಿ ವಾಸಿಸುತ್ತ, ಸೈಕಲ್ಲೇರಿ ಅಂಗಡಿಗೆ ಹೋಗಿಬರುತ್ತ, ತೋಟ ನೋಡಿಕೊಳ್ಳುತ್ತ, ಚಿತ್ರ ಬರೆಯುತ್ತ ದಿನ ಕಳೆಯುತ್ತಿದ್ದ ಆ ಬೋಳುತಲೆಯ ಐವತ್ತಾರರ ಮನುಷ್ಯನೇ ಪಿಂಕ್ ಫ್ಲಾಯ್ಡ್‌ಗೆ ಹೆಸರಿಟ್ಟವನು, ಅದರ ಮೊದಲ ನಾಯಕ, ಅದರ ಮೊದಲ ಆಲ್ಬಮ್ಮಿನ ಕರ್ತೃ. ಆತನ ಹೆಸರು ಸಿಡ್ ಬ್ಯಾರೆಟ್. ಆದರೆ ಆ ಹೆಸರಿನಿಂದ ಯಾರಾದರೂ ಕರೆದರೆ ಆತ ಓಗೊಡುತ್ತಿರಲಿಲ್ಲ.

1967ರ ಆಗಸ್ಟ್ ತಿಂಗಳಲ್ಲಿ ಬಿಡುಗಡೆಯಾದ 'ದ ಪೈಪರ್ ಅಟ್ ದ ಗೇಟ್ಸ್ ಆಫ್ ಡಾನ್' ಸುಮಾರು 42 ನಿಮಿಷಗಳ, 11 ರಚನೆಗಳ ಧ್ವನಿಮುದ್ರಿಕೆ. ಸೈಕೆಡೆಲಿಕ್ ರಾಕ್ ಎಂಬ ಪ್ರಕಾರದಲ್ಲಿ ಬ್ರಿಟನ್ ಜಗತ್ತಿಗೆ ಕೊಟ್ಟ ಅತ್ಯುತ್ತಮ ಕೃತಿಗಳಲ್ಲಿ ಅದು ಒಂದೆಂಬ ಮಾತಿಗೆ ಇಂದು ಯಾರ ತಕರಾರೂ ಇಲ್ಲ. ಅದನ್ನು ರಚಿಸಿದಾಗ ಬ್ಯಾರೆಟ್‌ಗೆ ಇಪ್ಪತ್ತೊಂದು ವರ್ಷ. ಇಪ್ಪತ್ತೆರಡು ತುಂಬುವ ಹೊತ್ತಿಗೆ ತಾನೇ ಕಟ್ಟಿದ ತಂಡದಿಂದ ಹೊರಬೀಳುವ ದಾರಿಯಲ್ಲಿದ್ದ.

ರೋಜರ್ ಕೀತ್ ಬ್ಯಾರೆಟ್ ಹುಟ್ಟಿದ್ದು 1946ರ ಜನವರಿ 6ರಂದು, ಕೇಂಬ್ರಿಡ್ಜ್‌ನಲ್ಲಿ. ಐವರು ಮಕ್ಕಳಲ್ಲಿ ನಾಲ್ಕನೆಯವನು. ತಂದೆ ಆರ್ಥರ್ ಮ್ಯಾಕ್ಸ್ ಬ್ಯಾರೆಟ್ ಹೆಸರಾಂತ ರೋಗನಿದಾನ ತಜ್ಞ. ಸಸ್ಯಶಾಸ್ತ್ರದಲ್ಲೂ ಸಂಗೀತದಲ್ಲೂ ಆಸಕ್ತಿಯಿದ್ದವನು. ಮನೆಯಲ್ಲಿ ಪುಸ್ತಕ, ಪಿಯಾನೊ, ಚಿತ್ರಕಲೆ ಎಲ್ಲಕ್ಕೂ ಜಾಗವಿತ್ತು. ಹುಡುಗ ಎಲ್ಲವನ್ನೂ ಮುಟ್ಟಿದ, ಆದರೆ ಅವನ ಕೈ ಮೊದಲು ಒಲಿದದ್ದು ಕುಂಚಕ್ಕೆ. ಗಿಟಾರ್ ಬಂದದ್ದು ಆಮೇಲೆ. ಪ್ರಾಥಮಿಕ ಶಾಲೆಯಲ್ಲಿ ಆತನಿಗೆ ಪಾಠ ಹೇಳಿದ ಶಿಕ್ಷಕಿಯರಲ್ಲಿ ವಾಟರ್ಸ್‌ನ ತಾಯಿಯೂ ಒಬ್ಬಳು. ಮುಂದೆ ಲಂಡನ್ನಿನಲ್ಲಿ ಒಂದಾದ ತಂಡದ ಬೇರುಗಳು ಹೀಗೆ ಕೇಂಬ್ರಿಡ್ಜ್‌ನ ಒಂದೇ ಕೇರಿಯಲ್ಲಿ ಹೆಣೆದುಕೊಂಡಿದ್ದವು.

1961ರ ಡಿಸೆಂಬರ್‌ನಲ್ಲಿ ತಂದೆ ಕ್ಯಾನ್ಸರ್‌ನಿಂದ ತೀರಿಕೊಂಡ. ಮಗನಿಗೆ ಆಗ ಹದಿನಾರು ತುಂಬಲು ಒಂದು ತಿಂಗಳಷ್ಟೇ ಬಾಕಿ. ತಾಯಿ ವಿನಿಫ್ರೆಡ್ ಮನೆಯ ಖರ್ಚು ತೂಗಿಸಲು ಕೊಠಡಿಗಳನ್ನು ಬಾಡಿಗೆಗೆ ಕೊಟ್ಟಳು. ಮಗನ ಸಂಗೀತದ ಹುಚ್ಚಿಗೆ ಅಡ್ಡಿಮಾಡದೆ ಮನೆಯ ಮುಂಗೋಣೆಯನ್ನೇ ಗೆಳೆಯರ ಮೇಳಕ್ಕೆ ಬಿಟ್ಟುಕೊಟ್ಟಳು. ಸಿಡ್ ಎಂಬ ಅಡ್ಡಹೆಸರು ಈ ಕಾಲದ್ದು. ಊರಿನಲ್ಲಿದ್ದ ಇದೇ ಕುಲನಾಮದ ಹಳೆಯ ಜಾಝ್ ವಾದಕನೊಬ್ಬನಿಂದ ಅದು ಬಂತೆಂಬುದು ಪ್ರಚಲಿತ ವಿವರಣೆ. ಊರಿನ ತಂತ್ರಜ್ಞಾನ ಮತ್ತು ಕಲಾ ಕಾಲೇಜಿನಲ್ಲಿ ಡೇವಿಡ್ ಗಿಲ್ಮೋರ್‌ನ ಸ್ನೇಹ ಬೆಳೆಯಿತು. ಇಬ್ಬರೂ ಊಟದ ಬಿಡುವಿನಲ್ಲಿ ಗಿಟಾರ್ ಹಿಡಿದು ಕೂರುತ್ತಿದ್ದರು. 1965ರ ಬೇಸಿಗೆಯಲ್ಲಿ ದಕ್ಷಿಣ ಫ್ರಾನ್ಸಿನ ಬೀದಿಗಳಲ್ಲಿ ಹಾಡಿ ಕಾಸು ಕೂಡಿಸುವ ಸಾಹಸವನ್ನೂ ಮಾಡಿದರು. ಇದೇ ಗಿಲ್ಮೋರ್ ಮುಂದೊಂದು ದಿನ ತನ್ನ ಸ್ಥಾನದಲ್ಲಿ ನಿಲ್ಲುತ್ತಾನೆಂದು ಇಬ್ಬರಲ್ಲಿ ಯಾರೂ ಊಹಿಸಿರಲಾರರು.

1964ರಲ್ಲಿ ಬ್ಯಾರೆಟ್ ಚಿತ್ರಕಲೆ ಕಲಿಯಲು ಲಂಡನ್ನಿನ ಕ್ಯಾಂಬರ್‌ವೆಲ್ ಕಲಾಶಾಲೆಗೆ ಸೇರಿದ. ಅಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ವಾಟರ್ಸ್, ತನ್ನ ಸಹಪಾಠಿಗಳಾದ ನಿಕ್ ಮೇಸನ್ ಮತ್ತು ರಿಚರ್ಡ್ ರೈಟ್ ಜೊತೆ ಒಂದು ಮೇಳ ನಡೆಸುತ್ತಿದ್ದ. ಹೆಸರುಗಳು ದಿನಕ್ಕೊಂದು ಬದಲಾಗುತ್ತಿದ್ದ ಆ ತಂಡಕ್ಕೆ ಬ್ಯಾರೆಟ್ ಬಂದು ಸೇರಿದ ಮೇಲೆ ನೆಲೆ ಸಿಕ್ಕಿತು. ಅಮೆರಿಕದ ಇಬ್ಬರು ಕಪ್ಪು ಬ್ಲೂಸ್ ಗಾಯಕರಾದ ಪಿಂಕ್ ಆಂಡರ್ಸನ್ ಮತ್ತು ಫ್ಲಾಯ್ಡ್ ಕೌನ್ಸಿಲ್ ಅವರ ಮೊದಲ ಹೆಸರುಗಳನ್ನು ಜೋಡಿಸಿ ಆತ ಪಿಂಕ್ ಫ್ಲಾಯ್ಡ್ ಎಂಬ ಹೆಸರು ಕಟ್ಟಿದ. ಆ ಇಬ್ಬರು ಗಾಯಕರ ಹಾಡು ಕೇಳದ ಕೋಟ್ಯಂತರ ಜನ ಇಂದು ಆ ಹೆಸರನ್ನು ಉಚ್ಚರಿಸುತ್ತಾರೆ.

ಮೊದಮೊದಲು ಈ ತಂಡವೂ ಬೇರೆಲ್ಲ ಇಂಗ್ಲಿಷ್ ಹುಡುಗರಂತೆ ಅಮೆರಿಕನ್ ಬ್ಲೂಸ್ ಗೀತೆಗಳನ್ನೇ ನುಡಿಸುತ್ತಿತ್ತು. ಅದರಲ್ಲಿ ಅವರೇನೂ ದೊಡ್ಡ ಪ್ರವೀಣರಲ್ಲ. ಹಾಡಿನ ನಡುವೆ ಬರುವ ವಾದನದ ಭಾಗವನ್ನು ಉದ್ದಕ್ಕೆ ಎಳೆದು, ತಾಳದ ಕಟ್ಟು ಬಿಚ್ಚಿ, ನಾದ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಹೋಗಲು ಬಿಟ್ಟಾಗ ಮಾತ್ರ ಅವರದೇ ಆದ ಏನೋ ಒಂದು ಹುಟ್ಟುತ್ತಿತ್ತು. 1966ರ ಡಿಸೆಂಬರ್‌ನಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಕೋರ್ಟ್ ರಸ್ತೆಯ ಒಂದು ನೆಲಮಾಳಿಗೆಯಲ್ಲಿ ಯು.ಎಫ್.ಒ. ಎಂಬ ಕ್ಲಬ್ ಆರಂಭವಾಯಿತು. ಗಾಜಿನ ಸ್ಲೈಡುಗಳ ನಡುವೆ ಎಣ್ಣೆ, ಬಣ್ಣಗಳನ್ನು ಹಾಕಿ ಕಾಯಿಸಿ, ಕರಗಿ ಹರಡುವ ಬಣ್ಣದ ಗುಳ್ಳೆಗಳನ್ನು ವಾದಕರ ಮೇಲೆ ಬೆಳಕಾಗಿ ಚೆಲ್ಲುವುದು ಅಲ್ಲಿನ ವಿಶೇಷ. ಪಿಂಕ್ ಫ್ಲಾಯ್ಡ್ ಅಲ್ಲಿನ ಆಸ್ಥಾನ ವಿದ್ವಾಂಸರಾದರು. ಬ್ಯಾರೆಟ್ ತನ್ನ ಫೆಂಡರ್ ಎಸ್ಕ್ವೈರ್ ಗಿಟಾರಿನ ಮೈಮೇಲೆ ದುಂಡನೆಯ ಕನ್ನಡಿ ಬಿಲ್ಲೆಗಳನ್ನು ಅಂಟಿಸಿದ್ದ. ಸಿಗರೇಟು ಹಚ್ಚುವ ಜಿಪೊ ಲೈಟರನ್ನು ತಂತಿಯ ಮೇಲೆ ಜಾರಿಸುತ್ತ, ಬಿನ್‌ಸನ್ ಎಂಬ ಇಟಲಿಯ ಪ್ರತಿಧ್ವನಿ ಯಂತ್ರದ ಮೂಲಕ ಆ ನಾದವನ್ನು ಹಾಯಿಸಿ, ಒಂದು ಸ್ವರ ಸಾಯುವ ಮುನ್ನವೇ ಅದರ ನೆರಳುಗಳು ಮೇಲೆ ಮೇಲೆ ಬಂದು ಬೀಳುವಂತೆ ಮಾಡುತ್ತಿದ್ದ. ಬೆರಳಿನ ವೇಗದಲ್ಲಿ ಆತನನ್ನು ಮೀರಿಸುವವರು ಆಗಿನ ಲಂಡನ್ನಿನಲ್ಲಿ ಅನೇಕರಿದ್ದರು. ಗಿಟಾರನ್ನು ಬಣ್ಣದ ಪೆಟ್ಟಿಗೆಯಂತೆ ಬಳಸಿದವರು ವಿರಳ.

ಆದರೆ ಬ್ಯಾರೆಟ್ ಬರೀ ಗದ್ದಲದ ಕಲಾವಿದನಾಗಿದ್ದರೆ ಇಂದು ಆತನನ್ನು ನೆನೆಯುವ ಕಾರಣವಿರುತ್ತಿರಲಿಲ್ಲ. ಆತನಲ್ಲಿ ಮೂರೇ ನಿಮಿಷದ ಪುಟ್ಟ ಹಾಡು ಕಟ್ಟುವ ಅಚ್ಚರಿಯ ಕೌಶಲವೂ ಇತ್ತು. 1967ರ ಮಾರ್ಚ್‌ನಲ್ಲಿ ಹೊರಬಂದ ಮೊದಲ ಗೀತೆ 'ಆರ್ನಲ್ಡ್ ಲೇನ್', ಒಣಹಾಕಿದ ಹೆಂಗಸರ ಬಟ್ಟೆ ಕದಿಯುವ ವಿಚಿತ್ರ ವ್ಯಕ್ತಿಯೊಬ್ಬನ ಕಥೆ. ಕೇಂಬ್ರಿಡ್ಜ್‌ನಲ್ಲಿ ಬ್ಯಾರೆಟ್ ಮತ್ತು ವಾಟರ್ಸ್ ಮನೆಗಳಲ್ಲಿ ಬಾಡಿಗೆಗಿದ್ದ ವಿದ್ಯಾರ್ಥಿನಿಯರ ಬಟ್ಟೆಗಳು ತಂತಿಯ ಮೇಲಿಂದ ಕಾಣೆಯಾಗುತ್ತಿದ್ದದ್ದೇ ಅದಕ್ಕೆ ಮೂಲ. ರೇಡಿಯೊ ಲಂಡನ್ ಎಂಬ ಬಾನುಲಿ ಕೇಂದ್ರ ಅದನ್ನು ಅಸಭ್ಯವೆಂದು ಬಹಿಷ್ಕರಿಸಿತು. ಆದರೂ ಹಾಡು ಬ್ರಿಟಿಷ್ ಜನಪ್ರಿಯ ಪಟ್ಟಿಯಲ್ಲಿ 20ನೇ ಸ್ಥಾನ ತಲುಪಿತು. ಜೂನ್‌ನಲ್ಲಿ ಬಂದ 'ಸೀ ಎಮಿಲಿ ಪ್ಲೇ' 6ನೇ ಸ್ಥಾನಕ್ಕೇರಿತು. ಆಗಿನ ಇಂಗ್ಲಿಷ್ ಗಾಯಕರೆಲ್ಲ ಅಮೆರಿಕನ್ನರ ಉಚ್ಚಾರಣೆಯನ್ನು ಅನುಕರಿಸಿ ಹಾಡುತ್ತಿದ್ದ ಕಾಲದಲ್ಲಿ ಬ್ಯಾರೆಟ್ ತನ್ನ ಊರಿನ, ತನ್ನ ಮನೆಯ ಇಂಗ್ಲಿಷಿನಲ್ಲೇ ಹಾಡಿದ. ಇಂದು ಇದು ಸಣ್ಣ ಸಂಗತಿಯಂತೆ ತೋರಬಹುದು. ನಂತರದ ಇಂಗ್ಲಿಷ್ ಪಾಪ್ ಸಂಗೀತದ ನಾಲಿಗೆಯನ್ನೇ ಅದು ತಿದ್ದಿತು.

ಇ.ಎಂ.ಐ. ಕಂಪನಿಯೊಡನೆ ಒಪ್ಪಂದವಾಗಿ 5,000 ಪೌಂಡ್ ಮುಂಗಡ ಬಂದ ಮೇಲೆ, 1967ರ ಫೆಬ್ರವರಿಯಲ್ಲಿ ಆಬೆ ರೋಡ್‌ನ ಸ್ಟುಡಿಯೊದಲ್ಲಿ ಆಲ್ಬಮ್ಮಿನ ಮುದ್ರಣ ಶುರುವಾಯಿತು. ನಿರ್ಮಾಪಕ ನಾರ್ಮನ್ ಸ್ಮಿತ್ 1965ರವರೆಗೆ ಬೀಟಲ್ಸ್ ತಂಡದ ಧ್ವನಿಮುದ್ರಣ ಇಂಜಿನಿಯರ್ ಆಗಿದ್ದವನು. ವಯಸ್ಸಿನಲ್ಲೂ ಅಭಿರುಚಿಯಲ್ಲೂ ಈ ಹುಡುಗರಿಗಿಂತ ಹಿಂದಿನ ಪೀಳಿಗೆಯವನು. ಅದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿ ಬೀಟಲ್ಸ್ 'ಸಾರ್ಜೆಂಟ್ ಪೆಪ್ಪರ್' ಮುಗಿಸುತ್ತಿದ್ದರು. ಮಾರ್ಚ್ ತಿಂಗಳ ಒಂದು ದಿನ ಪಿಂಕ್ ಫ್ಲಾಯ್ಡ್ ಹುಡುಗರನ್ನು ಆ ಕೋಣೆಗೆ ಕರೆದೊಯ್ದು ಪರಿಚಯಿಸಲಾಯಿತು. ಆ ವರ್ಷ ಬ್ರಿಟನ್ನಿನಲ್ಲಿ ಹುಟ್ಟಿದ ಎರಡು ಮಹತ್ವದ ಸೈಕೆಡೆಲಿಕ್ ಕೃತಿಗಳು ಹೀಗೆ ಒಂದೇ ಸೂರಿನಡಿ ಬೆಳೆದವು.

ವೇದಿಕೆಯ ಮೇಲೆ ಅರ್ಧ ಗಂಟೆ ನುಡಿಸುತ್ತಿದ್ದುದನ್ನು ಹಾಡಿನ ಚೌಕಟ್ಟಿಗೆ ತರಬೇಕೆಂಬುದು ಸ್ಮಿತ್‌ನ ಹಟ. ಒಂದೇ ಹಾಡನ್ನು ಎರಡು ಸಲ ಒಂದೇ ರೀತಿ ಹಾಡಲಾರದವನು ಬ್ಯಾರೆಟ್. ಇಬ್ಬರ ನಡುವೆ ಎಳೆದಾಟ ಇದ್ದೇ ಇತ್ತು, ಸ್ಮಿತ್ ಅದನ್ನು ಸುಖದ ಅನುಭವವಾಗಿ ನೆನೆಯಲಿಲ್ಲ. ಆದರೂ ಆ ಎಳೆದಾಟವೇ ಕೃತಿಗೆ ವರವಾಯಿತೆಂದರೆ ತಪ್ಪಾಗಲಾರದು. ಮೊದಲ ರಚನೆ 'ಆಸ್ಟ್ರಾನಮಿ ಡಾಮಿನಿ'ಯ ಆರಂಭದಲ್ಲಿ ತಂಡದ ವ್ಯವಸ್ಥಾಪಕ ಪೀಟರ್ ಜೆನ್ನರ್ ಧ್ವನಿವರ್ಧಕ ಕಹಳೆಯ ಮೂಲಕ ಆಕಾಶಕಾಯಗಳ ಹೆಸರು ಓದುತ್ತಾನೆ. ಬಾನಿನಾಚೆಯಿಂದ ಬಂದ ವರದಿಯಂತೆ ಅದು ಕೇಳಿಸುತ್ತದೆ. ಅದರ ಹಿಂದೆಯೇ ಗಿಟಾರಿನ ಒಂದೇ ಸ್ವರ ತಂತಿಸಂದೇಶದಂತೆ ಬಡಿದುಕೊಳ್ಳುತ್ತದೆ. 'ಲೂಸಿಫರ್ ಸ್ಯಾಮ್' ಒಂದು ಬೆಕ್ಕಿನ ಕುರಿತ ಹಾಡು, ಗೂಢಚಾರ ಚಲನಚಿತ್ರದ ಹಿನ್ನೆಲೆ ಸಂಗೀತದಂತೆ ಓಡುತ್ತದೆ. 'ಮಟಿಲ್ಡಾ ಮದರ್' ಮಲಗುವ ಮುನ್ನ ತಾಯಿ ಹೇಳುವ ಕಥೆಯ ಹಾಡು. ಅದರಲ್ಲಿ ಮೊದಲು ಹಿಲೇರ್ ಬೆಲ್ಲಾಕ್‌ನ ಮಕ್ಕಳ ಪದ್ಯಗಳ ಸಾಲುಗಳಿದ್ದವು. ಅವುಗಳ ಹಕ್ಕುದಾರರು ಒಪ್ಪದಿದ್ದಾಗ ಬ್ಯಾರೆಟ್ ಪದಗಳನ್ನು ಹೊಸದಾಗಿ ಬರೆದ. ಆ ನಿರಾಕರಣೆಯಿಂದ ಹಾಡಿಗೆ ಒಳಿತೇ ಆಯಿತು. ಕಥೆ ನಿಂತುಹೋದಾಗ ಇನ್ನೂ ಬೇಕೆಂದು ಹಂಬಲಿಸುವ ಮಗುವಿನ ದನಿ ಅದರೊಳಗೆ ಬಂದದ್ದು ಆಮೇಲೆ. 'ಚಾಪ್ಟರ್ 24' ಚೀನೀಯರ ಪ್ರಾಚೀನ ಶಕುನಗ್ರಂಥ 'ಇ ಚಿಂಗ್'ನ ಇಪ್ಪತ್ನಾಲ್ಕನೆಯ ಅಧ್ಯಾಯವನ್ನು ಆಧರಿಸಿದ್ದು.

ಹನ್ನೊಂದರಲ್ಲಿ ಎಂಟು ರಚನೆಗಳು ಬ್ಯಾರೆಟ್ ಒಬ್ಬನವು. ಎರಡು ಇಡೀ ತಂಡದ ಹೆಸರಿನ ವಾದನಗಳು, ಒಂದು ವಾಟರ್ಸ್‌ನದು. ವಾಟರ್ಸ್‌ನ ಆ ಹಾಡು ಇಡೀ ಸಂಗ್ರಹದಲ್ಲಿ ಅತ್ಯಂತ ದುರ್ಬಲವಾದುದು. ಮುಂದೆ 'ದ ವಾಲ್' ಬರೆಯುವ ಕೈ ಇದೇ ಎಂದು ಅದನ್ನು ಕೇಳಿದವರು ನಂಬುವುದು ಕಷ್ಟ. ತಂಡದ ವಾದನಗಳಲ್ಲಿ 'ಇಂಟರ್‌ಸ್ಟೆಲ್ಲರ್ ಓವರ್‌ಡ್ರೈವ್' ಒಂಬತ್ತೂವರೆ ನಿಮಿಷಕ್ಕೂ ಮೀರಿದ್ದು. ಅದರ ಮುಖ್ಯ ಸ್ವರಗುಚ್ಛ ಹುಟ್ಟಿದ ಬಗೆ ಸ್ವಾರಸ್ಯಕರ. ಅಮೆರಿಕದ ಲವ್ ಎಂಬ ತಂಡ ಹಾಡಿದ್ದ ಗೀತೆಯೊಂದನ್ನು ಜೆನ್ನರ್ ಗುನುಗಲು ಯತ್ನಿಸಿದ. ಆತನ ರಾಗಜ್ಞಾನ ಅಷ್ಟಕ್ಕಷ್ಟೇ. ಬ್ಯಾರೆಟ್ ಆ ತಪ್ಪು ಗುನುಗನ್ನೇ ಗಿಟಾರಿನಲ್ಲಿ ಹಿಡಿದಾಗ ಮೂಲಕ್ಕೆ ಸಂಬಂಧವೇ ಇಲ್ಲದ ಹೊಸದೊಂದು ಹುಟ್ಟಿತು. ಮುದ್ರಣದಲ್ಲಿ ಒಂದರ ಮೇಲೊಂದು ಎರಡು ಸಲ ನುಡಿಸಿದ್ದನ್ನು ಕೂಡಿಸಿದ್ದಾರೆ. ಸ್ಟೀರಿಯೊ ಆವೃತ್ತಿಯ ಕೊನೆಯಲ್ಲಿ ನಾದ ಎಡಗಿವಿಯಿಂದ ಬಲಗಿವಿಗೆ, ಬಲದಿಂದ ಎಡಕ್ಕೆ ಹುಚ್ಚು ತೊಟ್ಟಿಲಿನಂತೆ ತೂಗುತ್ತದೆ. ಹೆಡ್‌ಫೋನಿನಲ್ಲಿ ಕೇಳುವವರು ಕೂತೇ ಕೇಳುವುದು ಒಳ್ಳೆಯದು.

ಕೊನೆಯ ಹಾಡು 'ಬೈಕ್'. ಹುಡುಗಿಯೊಬ್ಬಳನ್ನು ಮೆಚ್ಚಿಸಲು ಒಬ್ಬ ಹುಡುಗ ತನ್ನ ಸೈಕಲ್ಲು, ಅಂಗಿ, ಸಾಕಿದ ಇಲಿ ಎಂದು ಒಂದೊಂದಾಗಿ ತೋರಿಸುತ್ತಾನೆ. ಆಮೇಲೆ ಒಂದು ಕೋಣೆಗೆ ಕರೆಯುತ್ತಾನೆ. ಬಾಗಿಲು ತೆರೆಯುತ್ತಿದ್ದಂತೆ ಗಡಿಯಾರಗಳು, ಗಂಟೆಗಳು, ಚಕ್ರಗಳು ಒಮ್ಮೆಲೇ ಸದ್ದು ಮಾಡತೊಡಗುತ್ತವೆ. ಕೊನೆಗೆ ಉಳಿಯುವುದು ಬಾತುಕೋಳಿಗಳ ಹಿಂಡು ನಗುತ್ತಿರುವಂಥ ಒಂದು ವಿಕಾರ ಸದ್ದು ಮಾತ್ರ. ಮಗುವಿನ ಆಟಿಕೆಯ ಕೋಣೆಯೂ ಹೆದರಿಕೆಯ ಕೋಣೆಯೂ ಒಂದೇ ಬಾಗಿಲಿನ ಹಿಂದಿವೆ.

ಸೈಕೆಡೆಲಿಕ್ ಎಂಬ ಪದವೇ ಎಲ್.ಎಸ್.ಡಿ. ಮುಂತಾದ ಭ್ರಮಾಜನಕ ದ್ರವ್ಯಗಳ ಸಹವಾಸದ್ದು. ಬ್ಯಾರೆಟ್ ಅವುಗಳನ್ನು ಸೇವಿಸುತ್ತಿದ್ದನೆಂಬುದೂ, 1967ರಲ್ಲಿ ಅತಿಯಾಗಿ ಸೇವಿಸುತ್ತಿದ್ದನೆಂಬುದೂ ಗೆಳೆಯರೆಲ್ಲರೂ ಹೇಳುವ ಮಾತು. ಹಾಗೆಂದು ಈ ಆಲ್ಬಂ ಅಮಲಿನ ಫಲವೆಂದು ತೀರ್ಮಾನಿಸುವುದು ಸೋಮಾರಿತನ. ಹಾಡುಗಳ ಒಳಗೆ ಹೊಕ್ಕು ನೋಡಿದರೆ ಸಿಗುವುದು ಕುಬ್ಜ ಮಾನವರು, ಬೆದರುಬೊಂಬೆ, ಬೆಕ್ಕು, ದಂಡೇಲಿಯನ್ ಹೂವು, ರಾಜ, ಕಾಮ್ ನದಿಯ ದಂಡೆಯ ಹುಲ್ಲುಗಾವಲು. ಎಡ್ವರ್ಡ್ ಲಿಯರ್, ಲೂಯಿಸ್ ಕ್ಯಾರಲ್ ಮುಂತಾದವರು ಕಟ್ಟಿದ ಇಂಗ್ಲಿಷ್ ಮಕ್ಕಳ ಸಾಹಿತ್ಯದ ತುಂಟ ಅಸಂಬದ್ಧತೆಯ ದೊಡ್ಡ ಪರಂಪರೆಗೆ ಆತ ವಾರಸುದಾರ. ಲಕ್ಷಾಂತರ ಯುವಕರು ಅದೇ ದ್ರವ್ಯ ಸೇವಿಸಿದರು; ಈ ಹಾಡುಗಳನ್ನು ಬರೆದವನು ಒಬ್ಬನೇ.

ಆಲ್ಬಮ್ಮಿನ ಹೆಸರೂ ಮಕ್ಕಳ ಪುಸ್ತಕದಿಂದಲೇ ಬಂತು. ಕೆನೆತ್ ಗ್ರಹಾಂ 1908ರಲ್ಲಿ ಪ್ರಕಟಿಸಿದ 'ದ ವಿಂಡ್ ಇನ್ ದ ವಿಲ್ಲೋಸ್' ಕಾದಂಬರಿಯ ಏಳನೆಯ ಅಧ್ಯಾಯದ ಶೀರ್ಷಿಕೆ ಅದು: ಬೆಳಗಿನ ಬಾಗಿಲಲ್ಲಿ ಕೊಳಲೂದುವವನು. ಕಾಣೆಯಾದ ನೀರುನಾಯಿಯ ಮರಿಯನ್ನು ಹುಡುಕುತ್ತ ಇಲಿ ಮತ್ತು ಮೋಲ್ ರಾತ್ರಿಯಿಡೀ ದೋಣಿ ನಡೆಸುತ್ತವೆ. ನಸುಕಿನಲ್ಲಿ ನದಿಯ ನಡುಗಡ್ಡೆಯಿಂದ ಅಲೌಕಿಕ ಕೊಳಲಿನ ನಾದ ಕೇಳಿಬರುತ್ತದೆ. ಅಲ್ಲಿ ಕಾಡಿನ ದೇವರಾದ ಪ್ಯಾನ್ ಕುಳಿತಿದ್ದಾನೆ, ಅವನ ಕಾಲ ಬಳಿ ಮರಿ ನಿದ್ರಿಸುತ್ತಿದೆ. ಕೊಳಲೂದಿ ಜೀವಜಂತುಗಳನ್ನು ಸೆಳೆಯುವ ದೇವರು ನಮ್ಮ ಓದುಗರಿಗೆ ಹೊಸಬನೇನಲ್ಲ. ಹೊಸದಾಗಿರುವುದು ಮುಂದಿನ ಮಾತು. ಸೂರ್ಯ ಮೇಲೇರಿದಾಗ ಆ ದೇವರು ಪ್ರಾಣಿಗಳಿಗೆ ಮರೆವನ್ನು ವರವಾಗಿ ಕೊಟ್ಟು ಹೋಗುತ್ತಾನೆ. ಕಂಡ ದರ್ಶನ ನೆನಪಿನಲ್ಲಿ ಉಳಿದರೆ ಉಳಿದ ಬಾಳೆಲ್ಲ ಅದರ ಎದುರು ಸಪ್ಪೆಯಾದೀತೆಂಬುದು ಅವನ ಕರುಣೆ. ಬ್ಯಾರೆಟ್‌ಗೆ ತುಂಬ ಪ್ರಿಯವಾಗಿದ್ದ ಅಧ್ಯಾಯವಿದು.

ಆಲ್ಬಂ ಬ್ರಿಟನ್ನಿನಲ್ಲಿ 6ನೇ ಸ್ಥಾನಕ್ಕೇರಿತು. ಛಾಯಾಗ್ರಾಹಕ ವಿಕ್ ಸಿಂಗ್ ತೆಗೆದ ಮುಖಪುಟದ ಚಿತ್ರದಲ್ಲಿ ನಾಲ್ವರ ಮುಖಗಳೂ ಹಲವು ಪಟ್ಟು ಒಡೆದು ಹರಡಿಕೊಂಡಿವೆ. ಅದಕ್ಕೆ ಬಳಸಿದ ಪಟ್ಟಕದ ಮಸೂರವನ್ನು ಆತನಿಗೆ ಕೊಟ್ಟವನು ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್. ಹಿಂಬದಿಯ ರೇಖಾಚಿತ್ರ ಬ್ಯಾರೆಟ್‌ನದೇ.

ಕೃತಿ ಜನರ ಕೈ ಸೇರುವ ಹೊತ್ತಿಗೆ ಕರ್ತೃ ಕುಸಿಯತೊಡಗಿದ್ದ. ಮೇ ತಿಂಗಳಲ್ಲೇ 'ಸೀ ಎಮಿಲಿ ಪ್ಲೇ' ಮುದ್ರಣ ನೋಡಲು ಬಂದಿದ್ದ ಗಿಲ್ಮೋರ್‌ಗೆ ಗೆಳೆಯನ ಕಣ್ಣುಗಳಲ್ಲಿ ಗುರುತಿನ ಬೆಳಕೇ ಕಾಣಿಸಲಿಲ್ಲ. ಜುಲೈ ಕೊನೆಯಲ್ಲಿ ಬಿ.ಬಿ.ಸಿ.ಯ ಮುದ್ರಣವೊಂದರ ನಡುವೆಯೇ ಬ್ಯಾರೆಟ್ ಎದ್ದು ಹೋದ. ನರದೌರ್ಬಲ್ಯವೆಂದು ಕಾರಣ ಕೊಟ್ಟು ಆಗಸ್ಟ್‌ನ ಕಚೇರಿಗಳನ್ನು ರದ್ದು ಮಾಡಲಾಯಿತು. ನಿಜವಾಗಿ ಬೇಕಾಗಿದ್ದುದು ದೀರ್ಘ ವಿಶ್ರಾಂತಿ. ಆದರೆ ಹಾಡು ಜನಪ್ರಿಯ ಪಟ್ಟಿಯಲ್ಲಿದ್ದ ತಂಡಕ್ಕೆ ವಿಶ್ರಾಂತಿ ಕೊಡಿಸುವ ವ್ಯವಧಾನ ಯಾರಿಗೂ ಇರಲಿಲ್ಲ. ನವೆಂಬರ್‌ನಲ್ಲಿ ಅಮೆರಿಕಕ್ಕೆ ಕಳಿಸಿದರು. ಪ್ಯಾಟ್ ಬೂನ್ ನಡೆಸುತ್ತಿದ್ದ ದೂರದರ್ಶನ ಕಾರ್ಯಕ್ರಮದಲ್ಲಿ ಕೇಳಿದ ಪ್ರಶ್ನೆಗಳಿಗೆ ಬ್ಯಾರೆಟ್ ಉತ್ತರವಾಗಿ ಕೊಟ್ಟದ್ದು ಬರೀ ನೋಟ. ಪ್ರವಾಸವನ್ನು ಮೊಟಕುಗೊಳಿಸಿ ಮರಳಿದವರು ಬಂದೊಡನೆ ಜಿಮಿ ಹೆಂಡ್ರಿಕ್ಸ್ ಜೊತೆಗೆ ಬ್ರಿಟನ್ ಸುತ್ತುವ ಇನ್ನೊಂದು ಪ್ರವಾಸಕ್ಕೆ ಹೊರಟರು, ದಿನಕ್ಕೆರಡು ಆಟ. ಕೆಲವು ಸಂಜೆ ಬ್ಯಾರೆಟ್ ಬರಲೇ ಇಲ್ಲ, ಬಂದ ಸಂಜೆ ಒಂದೇ ಸ್ವರವನ್ನು ಮೀಟುತ್ತ ನಿಂತ, ಅಥವಾ ಏನನ್ನೂ ಮೀಟದೆ ನಿಂತ.

1968ರ ಜನವರಿಯಲ್ಲಿ ಗಿಲ್ಮೋರ್ ಐದನೆಯ ಸದಸ್ಯನಾಗಿ ಬಂದ. ಬ್ಯಾರೆಟ್ ಮನೆಯಲ್ಲಿದ್ದು ಹಾಡು ಬರೆಯಲಿ, ವೇದಿಕೆಯನ್ನು ಇತರರು ನೋಡಿಕೊಳ್ಳಲಿ ಎಂಬ ಯೋಜನೆಯಿತ್ತು. ಅದು ಕೆಲವು ವಾರವೂ ನಡೆಯಲಿಲ್ಲ. ಒಂದು ಅಭ್ಯಾಸದ ದಿನ ಬ್ಯಾರೆಟ್ ಹೊಸ ಹಾಡೊಂದನ್ನು ಕಲಿಸತೊಡಗಿದ. ಉಳಿದವರು ಹಿಡಿದರೆನ್ನುವಷ್ಟರಲ್ಲಿ ಸ್ವರಗಳನ್ನು ಬದಲಿಸಿಬಿಡುತ್ತಿದ್ದ, ಇನ್ನೂ ಬಂದಿಲ್ಲವೇ ಎಂದು ಹಾಡಿನಲ್ಲೇ ಕೇಳುತ್ತಿದ್ದ. ಹೊತ್ತು ಕಳೆದ ಮೇಲೆ ವಾಟರ್ಸ್‌ಗೆ ಅರ್ಥವಾಯಿತು, ಆತ ಗಿಟಾರ್ ಕೆಳಗಿಟ್ಟ. ಅದು ಚಿತ್ತಭ್ರಮೆಯೋ, ತನ್ನನ್ನು ಹೊರಹಾಕಲು ಹವಣಿಸುತ್ತಿದ್ದವರ ಮೇಲಿನ ಚೂಪಾದ ವಿನೋದವೋ ಎಂಬ ಚರ್ಚೆ ಮುಗಿದಿಲ್ಲ. ಜನವರಿ 26ರಂದು ಸೌತಾಂಪ್ಟನ್ ವಿಶ್ವವಿದ್ಯಾಲಯದ ಕಚೇರಿಗೆ ಕಾರಿನಲ್ಲಿ ಹೊರಟಾಗ ಬ್ಯಾರೆಟ್‌ನನ್ನು ಹತ್ತಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಬಂತು, ಬೇಡವೆಂದಾಯಿತು. ಒಂದು ದೊಡ್ಡ ನಿರ್ಧಾರ ಅಷ್ಟು ಸಣ್ಣದಾಗಿ ನಡೆದುಹೋಯಿತು. ಕೆಟ್ಟವರಾಗಿ ಮಾಡಿದ ಕೆಲಸವಲ್ಲ ಅದು, ಇಪ್ಪತ್ತರ ಹರೆಯದವರಿಗೆ ಬೇರೆ ದಾರಿ ತೋಚಲಿಲ್ಲ ಎನ್ನಬಹುದು. ಆದರೂ ಎದುರು ನಿಂತು ಒಂದು ಮಾತು ಹೇಳದೆ ಬಿಟ್ಟುಹೋದ ಆ ಸಂಜೆಯ ಋಣ ಅವರನ್ನು ದಶಕಗಳ ಕಾಲ ಬೆನ್ನಟ್ಟಿತು. ಏಪ್ರಿಲ್‌ನಲ್ಲಿ ಬ್ಯಾರೆಟ್ ನಿರ್ಗಮನದ ಅಧಿಕೃತ ಪ್ರಕಟಣೆ ಬಂತು. ತಮಾಷೆಯೆಂದರೆ ವ್ಯವಸ್ಥಾಪಕರಾದ ಜೆನ್ನರ್ ಮತ್ತು ಆಂಡ್ರ್ಯೂ ಕಿಂಗ್ ತಂಡವನ್ನು ಬಿಟ್ಟು ಬ್ಯಾರೆಟ್‌ನ ಹಿಂದೆ ಹೋದರು. ಆತನಿಲ್ಲದ ಪಿಂಕ್ ಫ್ಲಾಯ್ಡ್‌ಗೆ ಭವಿಷ್ಯವಿಲ್ಲವೆಂಬುದು ಅವರ ಎಣಿಕೆ.

ಎರಡನೆಯ ಆಲ್ಬಮ್ಮಿನಲ್ಲಿ ಬ್ಯಾರೆಟ್‌ನ ಒಂದೇ ರಚನೆ ಉಳಿಯಿತು, 'ಜಗ್‌ಬ್ಯಾಂಡ್ ಬ್ಲೂಸ್'. ಅದರ ನಡುವೆ ಸಾಲ್ವೇಶನ್ ಆರ್ಮಿಯ ವಾದ್ಯವೃಂದವೊಂದು ನುಡಿಸುತ್ತದೆ. ಅವರಿಗೆ ತೋಚಿದ್ದನ್ನು ನುಡಿಸಲಿ ಎಂದು ಬ್ಯಾರೆಟ್ ಬಯಸಿದ. ಸ್ವರಲಿಪಿ ಬೇಕೆಂದು ಸ್ಮಿತ್ ಪಟ್ಟು ಹಿಡಿದ. ತಾನು ಇಲ್ಲಿದ್ದೂ ಇಲ್ಲವೆಂಬುದನ್ನು ಸ್ವತಃ ಬಲ್ಲವನ ದನಿ ಆ ಹಾಡಿನಲ್ಲಿದೆ. ಬ್ಯಾರೆಟ್‌ಗೆ ತನ್ನ ಸುತ್ತ ನಡೆಯುತ್ತಿದ್ದುದರ ಅರಿವೇ ಇರಲಿಲ್ಲವೆಂದು ವಾದಿಸುವವರಿಗೆ ಅದಕ್ಕಿಂತ ಗಟ್ಟಿ ಉತ್ತರ ಬೇರಿಲ್ಲ. ಅದೇ ಕಾಲದ ಇನ್ನೆರಡು ಹಾಡುಗಳು ಅಧಿಕೃತವಾಗಿ ಹೊರಬರಲು 2016ರವರೆಗೆ ಕಾಯಬೇಕಾಯಿತು.

1970ರಲ್ಲಿ ಆತನ ಎರಡು ಸ್ವಂತ ಆಲ್ಬಂಗಳು ಬಂದವು: ಜನವರಿಯಲ್ಲಿ 'ದ ಮ್ಯಾಡ್‌ಕ್ಯಾಪ್ ಲಾಫ್ಸ್', ನವೆಂಬರ್‌ನಲ್ಲಿ 'ಬ್ಯಾರೆಟ್'. ಅವುಗಳ ನಿರ್ಮಾಣಕ್ಕೆ ಹೆಗಲು ಕೊಟ್ಟವರಲ್ಲಿ ಗಿಲ್ಮೋರ್, ವಾಟರ್ಸ್, ರೈಟ್ ಇದ್ದರು. ಬಿಟ್ಟುಹೋದವರೇ ಮತ್ತೆ ಬಂದು ಕೈಹಿಡಿದರು. ತಾಳ ಎಲ್ಲಿ ತಿರುಗುತ್ತದೆಂದು ಹಾಡುವವನಿಗೇ ತಿಳಿಯದ ಗೀತೆಗಳಿಗೆ ಇತರರು ಆಮೇಲೆ ವಾದ್ಯ ಸೇರಿಸಬೇಕಿತ್ತು. ಪುಟ ಮಗುಚುವ ಸದ್ದು, ತಡವರಿಸಿ ನಿಂತ ಆರಂಭ, ಎಲ್ಲವೂ ಮುದ್ರಣದಲ್ಲಿ ಹಾಗೆಯೇ ಉಳಿದಿವೆ. ಆ ಬಿರುಕುಗಳನ್ನು ಮುಚ್ಚದೆ ಬಿಟ್ಟದ್ದು ಪ್ರಾಮಾಣಿಕತೆಯೋ ನಿರ್ದಯತೆಯೋ ಎಂದು ಇಂದೂ ಕೇಳುಗರು ಜಗಳವಾಡುತ್ತಾರೆ. ಜೇಮ್ಸ್ ಜಾಯ್ಸ್‌ನ ಕವಿತೆಗೆ ರಾಗ ಹಾಕಿದ 'ಗೋಲ್ಡನ್ ಹೇರ್' ಮಾತ್ರ ಎಲ್ಲ ಜಗಳದಾಚೆಯ ಚೆಲುವು. ಆ ವರ್ಷದ ಜೂನ್‌ನಲ್ಲಿ ಲಂಡನ್ನಿನ ಒಲಿಂಪಿಯಾ ಸಭಾಂಗಣದಲ್ಲಿ ಗಿಲ್ಮೋರ್ ಬೆಂಬಲದೊಡನೆ ವೇದಿಕೆಯೇರಿದ ಬ್ಯಾರೆಟ್ ನಾಲ್ಕು ಹಾಡು ಮುಗಿಸಿ ಇಳಿದು ಹೋದ. 1972ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಕಟ್ಟಿದ ಸ್ಟಾರ್ಸ್ ಎಂಬ ತಂಡ ಕೆಲವೇ ಕಚೇರಿಗಳಲ್ಲಿ ಮುಗಿಯಿತು. 1974ರಲ್ಲಿ ಜೆನ್ನರ್ ಮತ್ತೊಮ್ಮೆ ಸ್ಟುಡಿಯೊಗೆ ಕರೆತಂದ. ಹಾಡೆನ್ನುವಂಥದ್ದು ಒಂದೂ ಹುಟ್ಟಲಿಲ್ಲ.

ಅಷ್ಟರಲ್ಲಿ ಹಳೆಯ ಗೆಳೆಯರು 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್'ನಿಂದ ಜಗತ್ಪ್ರಸಿದ್ಧರಾಗಿದ್ದರು. 1975ರ ಜೂನ್ 5ರಂದು ಆಬೆ ರೋಡ್‌ನಲ್ಲಿ ಅವರು 'ಶೈನ್ ಆನ್' ಗೀತೆಯ ಅಂತಿಮ ಕೆಲಸದಲ್ಲಿದ್ದಾಗ ಸ್ಥೂಲಕಾಯದ ಒಬ್ಬ ಅಪರಿಚಿತ ಒಳಬಂದ. ತಲೆಗೂದಲು, ಹುಬ್ಬು ಎರಡನ್ನೂ ಬೋಳಿಸಿಕೊಂಡಿದ್ದ. ಸ್ಟುಡಿಯೊದ ಯಾರೋ ನೌಕರನಿರಬೇಕೆಂದು ಎಲ್ಲರೂ ಸುಮ್ಮನಿದ್ದರು. ಅದು ಸಿಡ್ ಎಂದು ತಿಳಿಯಲು ಬಹಳ ಹೊತ್ತು ಹಿಡಿಯಿತು; ತಿಳಿದಾಗ ವಾಟರ್ಸ್ ಕಣ್ಣೀರಿಟ್ಟ. ತನ್ನ ಅಗಲಿಕೆಯ ಕುರಿತ ಹಾಡು ಸಿದ್ಧವಾಗುತ್ತಿದ್ದ ಕೋಣೆಗೇ, ಕರೆಯದೆ, ಅದೇ ದಿನ ಆತ ಬಂದಿದ್ದ. ಕಥೆಗಾರನೊಬ್ಬ ಹೀಗೆ ಬರೆದರೆ ಸಂಪಾದಕರು ನಂಬಲಾಗದೆಂದು ತಿದ್ದಿಯಾರು. ಅಂದು ಬಂದಂತೆಯೇ ಹೊರಟುಹೋದ ಆತನನ್ನು ತಂಡದವರು ಒಟ್ಟಾಗಿ ಕಂಡದ್ದು ಅದೇ ಕೊನೆ.

ಮುಂದಿನದು ದಂತಕಥೆಯ ಕಾಲ. ಬ್ಯಾರೆಟ್ ಬಾಯಿ ತೆರೆಯದ ಕಾರಣ ಉಳಿದವರೆಲ್ಲ ಆತನ ಪರವಾಗಿ ಮಾತಾಡಿದರು. ತಲೆಗೆ ಎಣ್ಣೆಯೊಡನೆ ಮಾತ್ರೆಗಳನ್ನು ಅರೆದು ಹಚ್ಚಿಕೊಂಡು ವೇದಿಕೆಗೆ ಹೋದನೆಂಬಂಥ ಕಥೆಗಳು ಹಬ್ಬಿದವು. ಅವುಗಳಲ್ಲಿ ಎಷ್ಟು ನಿಜ, ಎಷ್ಟು ಬಣ್ಣ ಎಂದು ಹೇಳುವವರಿಲ್ಲ. 1977ರಲ್ಲಿ ಪಂಕ್ ತಂಡವಾದ ಡ್ಯಾಮ್ಡ್ ತನ್ನ ಎರಡನೆಯ ಆಲ್ಬಮ್ಮಿಗೆ ಬ್ಯಾರೆಟ್ ನಿರ್ಮಾಪಕನಾಗಲೆಂದು ಹಂಬಲಿಸಿತು, ಸಿಕ್ಕಿದವನು ನಿಕ್ ಮೇಸನ್. 1980ರ ದಶಕದ ಆರಂಭದಲ್ಲಿ ಬ್ಯಾರೆಟ್ ಲಂಡನ್ ತೊರೆದು ತಾಯಿಯ ಊರಿಗೆ ಮರಳಿದ. ಆ 50 ಮೈಲಿಯನ್ನು ನಡೆದೇ ಕ್ರಮಿಸಿದನೆಂದು ಜೀವನಚರಿತ್ರೆಗಳು ದಾಖಲಿಸಿವೆ. ಸಿಡ್ ಎಂಬ ಹೆಸರನ್ನು ಕಳಚಿ ಮತ್ತೆ ರೋಜರ್ ಆದ.

ಆತನಿಗೆ ಯಾವ ಕಾಯಿಲೆಯಿತ್ತೆಂದು ಲೋಕ ಹಲವು ಹೆಸರಿಟ್ಟಿದೆ. ಕೊನೆಯವರೆಗೂ ಆತನ ಯೋಗಕ್ಷೇಮ ನೋಡಿಕೊಂಡ ತಂಗಿ ಮಾತ್ರ ಹುಚ್ಚನೆಂಬ ಚಿತ್ರವನ್ನು ಒಪ್ಪಲಿಲ್ಲ. ಆಕೆ ಹೇಳುವ ರೋಜರ್ ತೋಟಗಾರ, ಕೈಯಾರೆ ಮರಗೆಲಸ ಮಾಡುವವನು, ಕಲೆಯ ಇತಿಹಾಸವನ್ನು ತನಗಾಗಿ ಬರೆದುಕೊಳ್ಳುತ್ತಿದ್ದವನು. ದೊಡ್ಡ ಚಿತ್ರಗಳನ್ನು ಬರೆದು, ಅವುಗಳ ಛಾಯಾಚಿತ್ರ ತೆಗೆದು, ಮೂಲವನ್ನು ಸುಟ್ಟುಬಿಡುತ್ತಿದ್ದ. ಮಾಡುವುದರಲ್ಲಿ ಸುಖವಿತ್ತು, ಇಟ್ಟುಕೊಳ್ಳುವುದರಲ್ಲಿ ಇರಲಿಲ್ಲ. ಬಾಗಿಲು ತಟ್ಟುವ ಅಭಿಮಾನಿಗಳಿಂದ, ಕ್ಯಾಮೆರಾ ಹಿಡಿದು ಬೇಲಿಯ ಬಳಿ ಕಾಯುವವರಿಂದ ಮಾತ್ರ ಹಿಂಸೆಪಡುತ್ತಿದ್ದ. ಪ್ರೀತಿಯ ಹೆಸರಿನಲ್ಲಿ ನಡೆದ ಈ ಕಿರುಕುಳದ ಬಗ್ಗೆ ರಾಕ್ ಸಂಗೀತದ ಬರಹಗಾರರು ಹೆಚ್ಚು ಬರೆದಿಲ್ಲ. ಬೇಲಿಯ ಬಳಿ ನಿಂತವರಲ್ಲಿ ಅವರೂ ಇದ್ದರು. ಹಳೆಯ ಹಾಡುಗಳ ಗೌರವಧನ ಆತನಿಗೆ ಸರಿಯಾಗಿ ತಲುಪುವಂತೆ ಗಿಲ್ಮೋರ್ ಕೊನೆಯವರೆಗೂ ನೋಡಿಕೊಂಡ.

2005ರ ಜುಲೈನಲ್ಲಿ ಲಂಡನ್ನಿನ ಲೈವ್ 8 ಕಾರ್ಯಕ್ರಮದಲ್ಲಿ ನಾಲ್ವರು ಹಳೆಯ ಗೆಳೆಯರು ವರ್ಷಗಳ ವೈಮನಸ್ಯ ಮರೆತು ಒಂದಾಗಿ ನುಡಿಸಿದಾಗ ವಾಟರ್ಸ್ 'ವಿಶ್ ಯೂ ವರ್ ಹಿಯರ್' ಗೀತೆಯನ್ನು ಅಲ್ಲಿಲ್ಲದವರಿಗೆ, ಮುಖ್ಯವಾಗಿ ಸಿಡ್‌ಗೆ ಅರ್ಪಿಸಿದ. 2006ರ ಜುಲೈ 7ರಂದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ಬ್ಯಾರೆಟ್ ತೀರಿಕೊಂಡ. ವಯಸ್ಸು ಅರವತ್ತು. ಮರುವರ್ಷ ಲಂಡನ್ನಿನ ಬಾರ್ಬಿಕನ್ ಸಭಾಂಗಣದ ಶ್ರದ್ಧಾಂಜಲಿ ಕಚೇರಿಯಲ್ಲಿ ನಾಲ್ವರೂ ಹಾಡಿದರು, ಆದರೆ ವಾಟರ್ಸ್ ಬೇರೆ, ಉಳಿದ ಮೂವರು ಬೇರೆ. ಸಿಡ್‌ನ ಹೆಸರೂ ಅವರನ್ನು ಮತ್ತೊಮ್ಮೆ ಒಂದೇ ವೇದಿಕೆಗೆ ಒಟ್ಟಿಗೆ ತರಲಿಲ್ಲ. 2008ರಲ್ಲಿ ರೈಟ್ ನಿಧನನಾದ.

ಆಲ್ಬಂ ಮಾತ್ರ ಹಳತಾಗಿಲ್ಲ. ಡೇವಿಡ್ ಬೋವಿ 1973ರಲ್ಲೇ 'ಸೀ ಎಮಿಲಿ ಪ್ಲೇ' ಹಾಡಿ ತನ್ನ ಋಣ ಒಪ್ಪಿಕೊಂಡಿದ್ದ. 2006ರ ಮೇ ತಿಂಗಳಲ್ಲಿ, ಬ್ಯಾರೆಟ್ ಸಾವಿಗೆ ಕೆಲವು ವಾರ ಮೊದಲು, ಗಿಲ್ಮೋರ್ ಜೊತೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ 'ಆರ್ನಲ್ಡ್ ಲೇನ್' ಹಾಡಿದ. ಮಾರ್ಕ್ ಬೋಲನ್‌ನಿಂದ ಬ್ಲರ್ ತಂಡದವರೆಗೆ ಇಂಗ್ಲಿಷ್ ಹಾಡುಗಾರಿಕೆಯಲ್ಲಿ ಬ್ಯಾರೆಟ್‌ನ ನೆರಳು ಬಿದ್ದಿದೆ. 2018ರಲ್ಲಿ ಎಪ್ಪತ್ತು ದಾಟಿದ ಮೇಸನ್ ಹೊಸ ತಂಡ ಕಟ್ಟಿಕೊಂಡು 1973ಕ್ಕೆ ಹಿಂದಿನ ರಚನೆಗಳನ್ನಷ್ಟೇ ನುಡಿಸುತ್ತ ಊರೂರು ಸುತ್ತಿದ. 'ಆಸ್ಟ್ರಾನಮಿ ಡಾಮಿನಿ', 'ಲೂಸಿಫರ್ ಸ್ಯಾಮ್' ಮತ್ತೆ ವೇದಿಕೆಗೆ ಬಂದವು. 2023ರಲ್ಲಿ ತೆರೆಕಂಡ ಸಾಕ್ಷ್ಯಚಿತ್ರಕ್ಕೆ ಆ ಅಭ್ಯಾಸದ ದಿನದ ಪ್ರಶ್ನೆಯನ್ನೇ ಹೆಸರಾಗಿ ಇಡಲಾಗಿದೆ.

ಬ್ಯಾರೆಟ್ ಸತ್ತ ವರ್ಷದ ನವೆಂಬರ್‌ನಲ್ಲಿ ಆತನ ಮನೆಯ ಸಾಮಾನುಗಳನ್ನು ಕೇಂಬ್ರಿಡ್ಜ್‌ನಲ್ಲಿ ಹರಾಜು ಹಾಕಲಾಯಿತು. ಸುಡದೆ ಉಳಿದ ಕೆಲವು ಚಿತ್ರಗಳು, ತನ್ನ ಕೈಯಿಂದಲೇ ಮಾಡಿ ಬಣ್ಣ ಬಳಿದ ಕುರ್ಚಿ ಮೇಜುಗಳು, ಪುಸ್ತಕಗಳು. ಸುಮಾರು 1.2 ಲಕ್ಷ ಪೌಂಡ್ ಬಂತು. ಕಲಾ ವಿದ್ಯಾರ್ಥಿಗಳ ನೆರವಿಗೆಂದು ಕುಟುಂಬ ಆ ಹಣವನ್ನು ತೆಗೆದಿಟ್ಟಿತು. ಹರಾಜಾದ ವಸ್ತುಗಳಲ್ಲಿ ಆತ ಊರು ಸುತ್ತುತ್ತಿದ್ದ ಸೈಕಲ್ಲೂ ಒಂದು.